ವೆನಿಸ್‌ನ ಗಡಿಯಾರ ಗೋಪುರದ ಹೆಸರಿನಲ್ಲಿ ಮೋಸ: ಟಿಕೆಟ್ ಕೊಳ್ಳುವ ಮುನ್ನ ಓದಿ

ವೆನಿಸ್‌ಗೆ ಹೊರಟಿರುವವರು, ಅದರಲ್ಲೂ ಸೇಂಟ್ ಮಾರ್ಕ್ ಚೌಕದ ಗಡಿಯಾರ ಗೋಪುರವನ್ನು ಒಳಹೊಕ್ಕು ನೋಡಬೇಕೆಂದು ಆಸೆಪಟ್ಟವರು, ಯಾವುದೇ ಮಧ್ಯವರ್ತಿ ಜಾಲತಾಣಕ್ಕೆ ಹಣ ಕಟ್ಟುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ. ಗಡಿಯಾರ ಗೋಪುರದ ಒಳಪ್ರವೇಶವೆಂದು ನಮ್ಮಿಂದ ಹಣ ಪಡೆದವರು, ಅದೇ ಚೌಕದಲ್ಲಿರುವ ಬೇರೊಂದು ಗೋಪುರದ ಟಿಕೆಟನ್ನು ಕೈಗಿತ್ತು, ಪ್ರಶ್ನಿಸಿದಾಗ “ಎರಡೂ ಗೋಪುರಗಳೇ ಅಲ್ಲವೇ?” ಎಂದು ನಮ್ಮನ್ನೇ ಕೇಳಿದರು. ಅಲ್ಲ, ಎರಡೂ ಒಂದೇ ಅಲ್ಲ, ಅದು ಅವರಿಗೂ ಚೆನ್ನಾಗಿ ಗೊತ್ತಿತ್ತು.

ಆ ಚೌಕದಲ್ಲಿ ಎಲ್ಲರ ಕಣ್ಣಿಗೆ ಮೊದಲು ಬೀಳುವುದು 98.6 ಮೀಟರ್ ಎತ್ತರದ ಇಟ್ಟಿಗೆಯ ಘಂಟಾಗೋಪುರ. ಅಲ್ಲಿಯವರು ಕಂಪನೀಲೆ ಎನ್ನುವ ಆ ಗೋಪುರ 1902ರಲ್ಲಿ ಕುಸಿದುಬಿದ್ದು, 1912ರ ಹೊತ್ತಿಗೆ ಮತ್ತೆ ಎದ್ದು ನಿಂತಿತು. ಲಿಫ್ಟ್‌ನಲ್ಲಿ ಮೇಲೆ ಹೋಗಿ ಊರನ್ನು ನೋಡಿ ಇಳಿಯಬಹುದು. ಗಡಿಯಾರ ಗೋಪುರವಿರುವುದು ಚೌಕದ ಉತ್ತರ ಬದಿಯಲ್ಲಿ, ಮೆರ್ಚೆರಿಯ ಎಂಬ ಅಂಗಡಿ ಬೀದಿ ಆರಂಭವಾಗುವ ಕಮಾನಿನ ಮೇಲೆ. 1499ರಲ್ಲಿ ಉದ್ಘಾಟನೆಗೊಂಡ ಅದಕ್ಕೆ ನೀಲಿ ಮತ್ತು ಚಿನ್ನದ ಬಣ್ಣದ ಮುಖ, 24 ಗಂಟೆಗಳ ಅಂಕೆಗಳು, ರಾಶಿಚಕ್ರ, ಚಂದ್ರನ ಕಲೆಗಳನ್ನು ತೋರಿಸುವ ವ್ಯವಸ್ಥೆ, ತುದಿಯಲ್ಲಿ ಸುತ್ತಿಗೆ ಹಿಡಿದು ಘಂಟೆ ಬಾರಿಸುವ ಇಬ್ಬರು ಕಂಚಿನ ಆಳುಗಳು. ಅದರೊಳಗೆ ಕಿರಿದಾದ, ಕಡಿದಾದ ಮೆಟ್ಟಿಲುಗಳನ್ನೇ ಹತ್ತಬೇಕು. ಮುಂಗಡವಾಗಿ ಕಾದಿರಿಸಿ, ಮಾರ್ಗದರ್ಶಿಯ ಜೊತೆ ಚಿಕ್ಕ ಗುಂಪಿನಲ್ಲಿ ಹೋದರೆ ಮಾತ್ರ ಪ್ರವೇಶ. ಈ ಒಂದು ನಿಯಮವನ್ನು ಬಲ್ಲ ಮೋಸಗಾರರೇ ನಮ್ಮನ್ನು ಹಿಡಿದದ್ದು.

ನನ್ನ ತಂದೆಯವರು ಬೆಂಗಳೂರಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ರೆಜ್ಜೊ ಎಮಿಲಿಯಾದ ರಾನಿಯೇರಿ ತಂದೆ-ಮಗ ಈ ಗಡಿಯಾರವನ್ನು ಮಾಡಿದರೆಂಬುದನ್ನೂ, ಅದನ್ನು ನೋಡಿಕೊಳ್ಳುವವರು 1998ರವರೆಗೆ ಕುಟುಂಬ ಸಮೇತ ಗೋಪುರದೊಳಗೇ ವಾಸವಾಗಿದ್ದರೆಂಬುದನ್ನೂ ಓದಿಕೊಂಡಿದ್ದ ಅವರಿಗೆ ಇಟಲಿ ಪ್ರವಾಸದಲ್ಲಿ ಬೇಕಾಗಿದ್ದುದು ಆ ಯಂತ್ರವನ್ನು ಹತ್ತಿರದಿಂದ ಕಾಣುವುದೊಂದೇ. ಮಧ್ಯವರ್ತಿಯ ಜಾಹೀರಾತಿನಲ್ಲಿ ಅದೇ ಹಲ್ಲುಚಕ್ರಗಳ ಚಿತ್ರವಿತ್ತು. “ಗಡಿಯಾರ ಗೋಪುರ, ಒಳಪ್ರವೇಶ, ಪರಿಣತ ಮಾರ್ಗದರ್ಶಿಯೊಂದಿಗೆ” ಎಂದು ಸ್ಪಷ್ಟವಾಗಿ ಬರೆದಿತ್ತು. ನಮ್ಮ ಜೊತೆ ಬಂದಿದ್ದ ನೆರೆಮನೆಯ ಕುಟುಂಬದ ಹಣವನ್ನೂ ಸೇರಿಸಿ ನನ್ನ ಕಾರ್ಡಿನಿಂದಲೇ ಪಾವತಿಸಿದೆ.

ಹೇಳಿದ ಸಮಯಕ್ಕೆ ಗೋಪುರದ ಕಮಾನಿನ ಕೆಳಗೆ ಬಾವುಟ ಹಿಡಿದ ಒಬ್ಬ ಯುವಕ ಬಂದ. ಚೌಕದಲ್ಲಿಯೇ ನಿಲ್ಲಿಸಿ, ತಲೆಯೆತ್ತಿ ನೋಡಿ ಎಂದು ಸಿಂಹವನ್ನು ತೋರಿಸಿದ, ಕಂಚಿನ ಆಳುಗಳಲ್ಲಿ ಒಬ್ಬ ಮುದುಕ ಒಬ್ಬ ಯುವಕ ಎಂದ, ಕಾಲ ಕಳೆಯುವುದನ್ನು ಅವರು ಸೂಚಿಸುತ್ತಾರೆ ಎಂದ. ತಂದೆಯವರು ಶ್ರದ್ಧೆಯಿಂದ ಕೇಳುತ್ತಿದ್ದರು. ಆಮೇಲೆ ಅವನು ಎಲ್ಲರಿಗೂ ಟಿಕೆಟ್ ಹಂಚಿ, ಬೆನ್ನು ತಿರುಗಿಸಿ, ಚೌಕದ ಆಚೆಗಿನ ಘಂಟಾಗೋಪುರದ ಸಾಲಿನತ್ತ ಕೈ ತೋರಿಸಿ, “ಅಲ್ಲಿ ನಿಂತುಕೊಳ್ಳಿ, ಲಿಫ್ಟ್ ಇದೆ” ಎಂದುಬಿಟ್ಟ.

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಗಡಿಯಾರದ ಒಳಗೆ ಯಾವಾಗ ಹೋಗುತ್ತೇವೆ ಎಂದು ಕೇಳಿದೆ. “ಗಡಿಯಾರವನ್ನು ತೋರಿಸಿದೆನಲ್ಲ ಸರ್, ಈಗ ಗೋಪುರ” ಎಂದ. ಗಡಿಯಾರ ಹೊರಗಿನಿಂದ, ಗೋಪುರ ಬೇರೆಯದು! ಜಾಹೀರಾತಿನ ಚಿತ್ರವನ್ನು ಫೋನಿನಲ್ಲಿ ತೆಗೆದು ಅವನ ಮುಂದೆ ಹಿಡಿದೆ. “ಅದು ಮಾದರಿ ಚಿತ್ರ” ಎಂದ. ಒಳಪ್ರವೇಶ ಎಂದು ಬರೆದಿದೆಯಲ್ಲ ಎಂದೆ. “ಅಲ್ಲಿಯೂ ಒಳಗೇ ಹೋಗುತ್ತೀರಿ, ಎರಡೂ ಗೋಪುರಗಳೇ ಅಲ್ಲವೇ? ಅಲ್ಲಿಂದ ಗಡಿಯಾರ ಗೋಪುರ ಇನ್ನೂ ಚೆನ್ನಾಗಿ ಕಾಣುತ್ತದೆ” ಎಂದ. ನಾವು ಹೀಗೆ ವಾದಿಸುತ್ತಿದ್ದಾಗ ಮೇಲೆ, 1858ರಲ್ಲಿ ಅಳವಡಿಸಿದ, ಐದು ನಿಮಿಷಕ್ಕೊಮ್ಮೆ ಬದಲಾಗುವ ಅಂಕೆ ಮತ್ತೆ ಬದಲಾಯಿತು. ತಂದೆಯವರು ಅದನ್ನೇ ನೋಡುತ್ತಾ, “ಬಿಡಪ್ಪ, ಹೊರಗಿನಿಂದಲಾದರೂ ನೋಡಿದೆನಲ್ಲ” ಎಂದರು. ನೆರೆಮನೆಯವರ ಮುಂದೆ, ಅಷ್ಟು ಜನರ ನಡುವೆ, ಎಪ್ಪತ್ತು ದಾಟಿದ ತಂದೆಯೇ ನನ್ನನ್ನು ಸಮಾಧಾನಪಡಿಸಬೇಕಾಗಿ ಬಂದ ಆ ಅವಮಾನ ಈಗಲೂ ಸುಡುತ್ತಿದೆ.

ಚೌಕದ ಇನ್ನೊಂದು ತುದಿಯ ಕೊರೆರ್ ವಸ್ತುಸಂಗ್ರಹಾಲಯಕ್ಕೆ ಓಡಿದೆ. ಗಡಿಯಾರ ಗೋಪುರದ ನಿಜವಾದ ಗುಂಪುಗಳು ಸೇರುವುದು ಅಲ್ಲಿ, ಕಮಾನಿನ ಕೆಳಗಲ್ಲ. ಟಿಕೆಟ್ ಕೊಡುವ ಮಹಿಳೆ ನನ್ನ ಕಾಗದವನ್ನು ನೋಡಿ, ಇದು ತಮ್ಮದಲ್ಲವೆಂದೂ ಆ ದಿನದ ಸ್ಥಳಗಳೆಲ್ಲ ಮೊದಲೇ ತುಂಬಿವೆಯೆಂದೂ ಮರ್ಯಾದೆಯಿಂದಲೇ ಹೇಳಿದರು. ಮರುದಿನ ಬೆಳಿಗ್ಗೆ ನಮಗೆ ಫ್ಲಾರೆನ್ಸ್‌ಗೆ ರೈಲು.

ನಮಗೆ ಟಿಕೆಟ್ ಮಾರಿದ ಮಧ್ಯವರ್ತಿ ಸಂಸ್ಥೆಗೆ ಬರೆದ ಪತ್ರಗಳಿಗೆ ಬಂದ ಉತ್ತರಗಳನ್ನು ಓದಿದರೆ ನಿಮಗೂ ಸಿಟ್ಟು ಬರುತ್ತದೆ. “ಸೇವೆಯನ್ನು ಸಂಪೂರ್ಣವಾಗಿ ಒದಗಿಸಲಾಗಿದೆ” ಎಂಬುದು ಮೊದಲ ಉತ್ತರ. ಆಮೇಲೆ, “ನಮ್ಮ ವಿವರಣೆಯಲ್ಲಿ ಗಡಿಯಾರ ಗೋಪುರ ಮತ್ತು ಗೋಪುರ ಪ್ರವೇಶ ಎಂದಿದೆ, ದಯವಿಟ್ಟು ಗಮನವಿಟ್ಟು ಓದಿ” ಎಂದರು. ಹೋಗಿ ನೋಡಿದರೆ ವಿವರಣೆಯನ್ನೇ ಬದಲಾಯಿಸಿಬಿಟ್ಟಿದ್ದರು! ನಾನು ಹಣ ಕಟ್ಟಿದ ದಿನದ ಪುಟದ ಚಿತ್ರವನ್ನು ಕಳುಹಿಸಿದ ಮೇಲೆ ಅದರ ಬಗ್ಗೆ ಒಂದು ಮಾತೂ ಇಲ್ಲದೆ, ಮುಂದಿನ ಪ್ರವಾಸಕ್ಕೆ ರಿಯಾಯಿತಿ ಕೊಡುತ್ತೇವೆ ಎಂದರು. ಇವರ ಮೂಲಕ ಮುಂದಿನ ಪ್ರವಾಸ! ಕ್ಷಮೆ ಎಂಬ ಮಾತು ಒಂದು ಪತ್ರದಲ್ಲೂ ಇರಲಿಲ್ಲ.

ಹೋಗುವವರು ವೆನಿಸ್‌ನ ಪೌರ ವಸ್ತುಸಂಗ್ರಹಾಲಯಗಳ ಅಧಿಕೃತ ಜಾಲತಾಣದಲ್ಲೇ ಗಡಿಯಾರ ಗೋಪುರಕ್ಕೆ ಕಾದಿರಿಸಿ. ಚೌಕದ ಪಕ್ಕದಲ್ಲಿರುವ ಡೋಜೆ (ವೆನಿಸ್‌ನ ಹಿಂದಿನ ಆಡಳಿತಗಾರ) ಅರಮನೆಯ ಟಿಕೆಟಿನಲ್ಲಿ ಇದು ಸೇರಿರುವುದಿಲ್ಲ. ಕಮಾನಿನ ಕೆಳಗೆ ಬನ್ನಿ ಎಂದರೆ ಅಲ್ಲಿಯೇ ಅನುಮಾನಪಡಿ. ಲಿಫ್ಟ್ ಇದೆ ಎಂದರೆ ಅದು ಗಡಿಯಾರ ಗೋಪುರವೇ ಅಲ್ಲ. ಹಣ ಕಟ್ಟಿದ ದಿನವೇ ಜಾಹೀರಾತಿನ ಪುಟವನ್ನು ಪೂರ್ತಿ ಚಿತ್ರ ತೆಗೆದು ಇಟ್ಟುಕೊಳ್ಳಿ, ಏಕೆಂದರೆ ಇಂಥವರು ಅದನ್ನು ಬದಲಾಯಿಸುತ್ತಾರೆ.

ಎಲ್ಲಕ್ಕಿಂತ ಮುಖ್ಯವಾಗಿ, ಬದಲಿಗೆ ಕೊಟ್ಟ ಟಿಕೆಟನ್ನು ಯಾವ ಕಾರಣಕ್ಕೂ ಬಳಸಬೇಡಿ. ಬ್ಯಾಂಕಿನಲ್ಲಿ ನಾನು ತಕರಾರು ದಾಖಲಿಸಿದಾಗ ಆ ಸಂಸ್ಥೆ ಕೊಟ್ಟ ಉತ್ತರವೇನು ಗೊತ್ತೇ? “ಗ್ರಾಹಕರು ಗೋಪುರವನ್ನು ಪ್ರವೇಶಿಸಿದ್ದಾರೆ” ಎಂದು ಹೇಳಿ, ನೆರೆಮನೆಯ ಮಕ್ಕಳು ಬೇಸರ ಕಳೆಯಲು ಘಂಟಾಗೋಪುರ ಹತ್ತಿದ ದಾಖಲೆಯನ್ನು ಮುಂದಿಟ್ಟಿದ್ದಾರೆ. ಮಕ್ಕಳು ಹತ್ತಿದ ಟಿಕೆಟುಗಳನ್ನು ಹಿಡಿದು ನಮ್ಮೆಲ್ಲರ ಹಣವನ್ನೂ ತಡೆದಿದ್ದಾರೆ. ತಂದೆ-ತಾಯಿಯವರ ಮತ್ತು ನನ್ನ ಟಿಕೆಟುಗಳು ಬಳಕೆಯಾಗದೆ ನನ್ನ ಬಳಿಯೇ ಇವೆ. ಅವುಗಳ ಪ್ರತಿಗಳನ್ನೂ ಹಳೆಯ ಜಾಹೀರಾತಿನ ಚಿತ್ರವನ್ನೂ ಬ್ಯಾಂಕಿಗೆ ಮತ್ತೊಮ್ಮೆ ಕಳುಹಿಸಿದ್ದೇನೆ. ನೆರೆಮನೆಯವರ ಪಾಲಿನ ಹಣವನ್ನು ನನ್ನ ಕೈಯಿಂದ ಕೊಟ್ಟಾಗಿದೆ. ಆ ಸಂಸ್ಥೆ ಮಾತ್ರ ಅದೇ ಹಲ್ಲುಚಕ್ರಗಳ ಚಿತ್ರವನ್ನು ಹಾಕಿಕೊಂಡು ಇವತ್ತಿಗೂ ಟಿಕೆಟ್ ಮಾರುತ್ತಿದೆ.