ಕ್ಯಾನ್ಸರ್ ಹರಡದ ಹಾಗೆ ತಡೆಯುವ ಅಣಬೆ ಮಾತ್ರೆ ಅಂತ ಯಾರಾದರೂ ಬಂದರೆ ದುಡ್ಡು ಕೊಡಬೇಡಿ

ಬರೆಯಲು ನಾಚಿಕೆ ಆಗುತ್ತಿದೆ. ಆದರೂ ಇನ್ನೊಂದು ಮನೆಯವರು ಹೀಗೆ ಮೋಸ ಹೋಗಬಾರದು.

ನಮ್ಮ ಅಕ್ಕನಿಗೆ ಸ್ತನ ಕ್ಯಾನ್ಸರ್. ಎರಡನೇ ಕೀಮೋ ಮುಗಿಸಿ ಬಂದಿದ್ದಳು. ಆಗ ಪರಿಚಯದವನೊಬ್ಬ ಗ್ಯಾನೋಡರ್ಮಾ ಕ್ಯಾಪ್ಸೂಲ್ ಹಿಡಿದುಕೊಂಡು ಮನೆಗೆ ಬಂದ. ರೀಶಿ ಅಣಬೆ ಅಂತಾರಲ್ಲ, ಅದೇ. "ಇದು ತಗೊಂಡ್ರೆ ಬೇರೆ ಕಡೆ ಹರಡೋದೇ ಇಲ್ಲ ಅಣ್ಣಾ, ಜಪಾನಲ್ಲಿ ಆಸ್ಪತ್ರೇಲೇ ಕೊಡ್ತಾರೆ" ಅಂದ. ನಂಬಿದೆ. ಆರು ಡಬ್ಬಿ, 28,000 ರೂಪಾಯಿ. ಬಿಲ್ ಇಲ್ಲ. ಜೊತೆಗೆ "ನಿಮ್ಮ ಹೆಸರಲ್ಲೂ ಒಂದು ಐಡಿ ಮಾಡಿಸಿ, ಡಿಸ್ಕೌಂಟ್ ಸಿಗುತ್ತೆ." ಇದು ಚೈನ್ ವ್ಯಾಪಾರ ಅಂತ ಅಲ್ಲೇ ನನಗೆ ಗೊತ್ತಾಗಬೇಕಿತ್ತು, ಅಲ್ವಾ?

ಮುಂದಿನ ಕೀಮೋಗೆ ಹೋದಾಗ ಅಕ್ಕ ಡಬ್ಬಿಯನ್ನು ಡಾಕ್ಟರ್ ಮೇಜಿನ ಮೇಲಿಟ್ಟಳು. ಅವರು ಬಯ್ಯಲಿಲ್ಲ. ಡಬ್ಬಿ ತಿರುಗಿಸಿದರು. ಬೆಲೆಯ ಸ್ಟಿಕ್ಕರನ್ನು ಉಗುರಿನಿಂದ ಕೆರೆದು, "ಓದಿ" ಅಂದರು. ಔಷಧಿಯಾಗಿ ಬಳಸಲು ಅಲ್ಲ ಅಂತ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರ. ಅಕ್ಕ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಲ್ಯಾಬಿನಲ್ಲಿ ರೀಶಿ ಸಾರ ಸ್ತನ ಕ್ಯಾನ್ಸರ್ ಜೀವಕೋಶಗಳ ಓಡಾಟ ತಗ್ಗಿಸಿದ್ದು ನಿಜವಂತೆ. ಆದರೆ ರೋಗಿಯ ಮೈಯಲ್ಲಿ ಹರಡುವುದು ನಿಲ್ಲುತ್ತದೆ ಅನ್ನೋದಕ್ಕೆ ಪುರಾವೆ ಇಲ್ಲ. ಜಪಾನ್ 1977ರಲ್ಲಿ ಒಪ್ಪಿದ್ದು ಪಿಎಸ್‌ಕೆ ಅನ್ನೋ ಔಷಧಿಯನ್ನು. ಅದು ಟರ್ಕಿ ಟೇಲ್ ಅನ್ನೋ ಬೇರೆಯೇ ಅಣಬೆಯದು, ಅದನ್ನೂ ಕೀಮೋ ಜೊತೆಗೇ ಕೊಡುತ್ತಿದ್ದರು. ಮೇಲಾಗಿ ರೀಶಿಯಿಂದ ರಕ್ತಸ್ರಾವ ಜಾಸ್ತಿ ಆಗಬಹುದು. ಕೀಮೋದಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಮೊದಲೇ ಇಳಿದಿರಬಹುದು!

ಹೊರಗೆ ಬಂದವನೇ ಫೋನ್ ಮಾಡಿದೆ. ಅಷ್ಟು ದಿನ ಅಣ್ಣಾ ಅನ್ನುತ್ತಿದ್ದವನು ಈಗ ಸರ್ ಅಂದ.

"ಡಾಕ್ಟರಿಗೆ ಇದೆಲ್ಲ ಗೊತ್ತಿರಲ್ಲ ಸರ್."

ಐದು ಡಬ್ಬಿ ಸೀಲ್ ಕೂಡ ಒಡೆದಿಲ್ಲ, ವಾಪಸ್ ತಗೋ ಅಂದೆ.

"ಕೋರ್ಸ್ ಪೂರ್ತಿ ಮಾಡದೆ ರಿಸಲ್ಟ್ ಹೇಗೆ ಬರುತ್ತೆ ಸರ್? ಹರಡಲ್ಲ ಅಂತ ನಾನು ಹೇಳೇ ಇಲ್ಲ. ಅದು ಫುಡ್ ಸಪ್ಲಿಮೆಂಟ್."

ಹೇಳೇ ಇಲ್ಲವಂತೆ! ನಮ್ಮ ಮನೆಯಲ್ಲಿ ಕೂತು, ನಮ್ಮ ಕಾಫಿ ಕುಡಿದು, ಅಕ್ಕನ ಎದುರಿಗೇ ಹೇಳಿದ ಮಾತು. ಹೇಳೇ ಇಲ್ಲವಂತೆ! ಆಮೇಲೆ ನನ್ನ ನಂಬರ್ ಬ್ಲಾಕ್.

ಡಬ್ಬಿ ಮೇಲಿನ ಎಫ್‌ಎಸ್‌ಎಸ್‌ಎಐ ನಂಬರ್ ಆಹಾರದ ಲೈಸೆನ್ಸ್, ಔಷಧಿಯದಲ್ಲ. ಕ್ಯಾನ್ಸರ್ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದೇ 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಪ್ರಕಾರ ಅಪರಾಧ. ಡಾಕ್ಟರಿಗೆ ತೋರಿಸದೆ ಒಂದು ಮಾತ್ರೆಯೂ ಬೇಡ. ಪರಿಚಯದವರು ಅಂತ ಸುಮ್ನೆ ನಂಬಬೇಡಿ, ಪರಿಚಯದವರೇ ಬರೋದು.

ಅವನ ವಾಟ್ಸ್ಆ್ಯಪ್ ಮೆಸೇಜುಗಳೆಲ್ಲ ನನ್ನ ಹತ್ತಿರ ಇವೆ. ಸೋಮವಾರ ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಡುತ್ತಿದ್ದೇನೆ.