ಮಲ್ಪೆ ಗಾಳಿಗೆ ಬಾಯಿ ಬಿಟ್ಟ ಎಂಡ್ಯೂರೆನ್ಸ್: ಮರದ ಹಡಗಿನ ಕಿಟ್, ಎರಡು ಮಳೆಗಾಲ ಕಳೆದ ಮೇಲೆ

ಮೊದಲೇ ಹೇಳಿ ಬಿಡ್ತೇನೆ, ಎಂಡ್ಯೂರೆನ್ಸ್ ಹಡಗಿನ ಸಣ್ಣ ಮಾದರಿಯನ್ನು ಮನೆಯಲ್ಲೇ ಕಟ್ಟುವ ಈ ಮರದ ಕಿಟ್ ತಗೊಳ್ಳುವ ಯೋಚನೆ ಇದ್ದು ನಿಮ್ಮ ಮನೆ ಸಮುದ್ರದ ಹತ್ತಿರ ಇದ್ರೆ, ಪೆಟ್ಟಿಗೆ ಬಂದ ಕೂಡ್ಲೇ ಹಲಗೆ ಅಂಟಿಸ್ಲಿಕ್ಕೆ ಕೂರಬೇಡಿ. ನಾನು ಕೂತೆ. ಆರು ತಿಂಗಳಲ್ಲಿ ಹಲಗೆಗಳ ಸಂದು ಬಿರಿದು ಹಡಗು ಬಾಯಿ ಬಿಟ್ಟಿತು.

ಒಳಗೆ ಎಂತೆಲ್ಲ ಉಂಟು, ಎಷ್ಟು ಪೀಸ್ ಅಂತ ಮಾರುವವರೇ ಹಾಕಿರ್ತಾರೆ, ಅದನ್ನು ಪುನಃ ಬರೆಯೋದಿಲ್ಲ. ನನ್ನದು 1:70 ಅಳತೆಯದ್ದು, ಅಂದ್ರೆ ನಿಜ ಹಡಗಿನ ಎಪ್ಪತ್ತರಲ್ಲಿ ಒಂದು ಪಾಲು, ಕಸ್ಟಮ್ಸ್ ಸೇರಿ 27,000 ರೂಪಾಯಿ ಹತ್ತಿರ ಬಿತ್ತು. ಹೈಸ್ಕೂಲ್ ಟೀಚರ್ ಸಂಬಳಕ್ಕೆ ಇದು ಸಣ್ಣ ಮೊತ್ತ ಅಲ್ಲ, ಚೀಟಿ ಎತ್ತಿದ ದುಡ್ಡು. 2022ರ ಮಾರ್ಚ್‌ನಲ್ಲಿ ಅಂಟಾರ್ಕ್ಟಿಕದ ವೆಡೆಲ್ ಸಮುದ್ರದ ಅಡಿಯಲ್ಲಿ, 3,008 ಮೀಟರ್ ಆಳದಲ್ಲಿ ಧ್ರುವಯಾತ್ರಿ ಶಾಕಲ್ಟನ್ನನ ಎಂಡ್ಯೂರೆನ್ಸ್ ಸಿಕ್ಕಿತಲ್ಲ, ಆ ವಿಡಿಯೋ ನೋಡಿದ ದಿನದಿಂದ ಈ ಹಡಗು ತಲೆಯಿಂದ ಹೋಗ್ಲೇ ಇಲ್ಲ. 1915ರ ನವೆಂಬರ್‌ನಲ್ಲಿ ಮುಳುಗಿದ್ದು, ಸ್ಟೇರಿಂಗ್ ಚಕ್ರ ಹಾಗೇ ನಿಂತಿತ್ತು, ಹಿಂಬದಿಯಲ್ಲಿ ಹೆಸರು ಸ್ಪಷ್ಟ ಓದ್ಲಿಕ್ಕಾಗ್ತಿತ್ತು. ನಮ್ಮಲ್ಲಿ ಎಣ್ಣೆ ಕಾಣದ ದೋಣಿಯನ್ನು ಸಮುದ್ರದ ಹುಳ ಕೆಲವೇ ವರ್ಷದಲ್ಲಿ ಜರಡಿ ಮಾಡಿ ಬಿಡ್ತದೆ, ಅಂಟಾರ್ಕ್ಟಿಕದ ತಣ್ಣೀರಲ್ಲಿ ಮರ ಕೊರೆಯುವ ಆ ಹುಳವೇ ಇಲ್ಲ, ಅದಕ್ಕೇ ಅಷ್ಟು ಚೆಂದ ಉಳಿದದ್ದು.

ಕಿಟ್ ಬಂದದ್ದು 2023ರ ಎಪ್ರಿಲ್‌ನಲ್ಲಿ. ಬೆನ್ನುಮರ (ಹಡಗಿನ ಅಡಿಯ ಉದ್ದದ ಮರ), ಚೌಕಟ್ಟುಗಳು ಎಲ್ಲ ಲೇಸರ್‌ನಲ್ಲಿ ಕತ್ತರಿಸಿದವು, ಒಂದಕ್ಕೊಂದು ಹಾಕಿದ್ರೆ ಅಲ್ಲಾಡ್ಲಿಲ್ಲ, ಅದಕ್ಕೆ ಪೂರ್ತಿ ಮಾರ್ಕ್ ಕೊಡ್ತೇನೆ. ಹಲಗೆ ಕೂರಿಸ್ಲಿಕ್ಕೆ ಶುರು ಮಾಡಿದ್ದು ಜೂನ್ ಕೊನೆಗೆ, ಹೊರಗೆ ಧೋ ಅಂತ ಮಳೆ. ನನಗೆ ಈ ಇಡೀ ಕೆಲಸದಲ್ಲಿ ಅತೀ ಇಷ್ಟದ ದಿನಗಳು ಅವೇ. ಹಲಗೆಯ ಪಟ್ಟಿಗಳು ಅರ್ಧ ಮೀಟರಿಗಿಂತ ಉದ್ದ, ಯಾವ ಪಾತ್ರೆಗೂ ಹಿಡಿಸೋದಿಲ್ಲ, ಹಾಗಾಗಿ ಪ್ಲಂಬರ್ ಬಿಟ್ಟು ಹೋದ ಪಿವಿಸಿ ಪೈಪಿನ ತುಂಡಿಗೆ ಒಂದು ಬದಿ ಕ್ಯಾಪ್ ಹಾಕಿ ಬಚ್ಚಲಿನ ಮೂಲೆಗೆ ಒರಗಿಸಿಟ್ಟಿದ್ದೆ. ಶಾಲೆಯಿಂದ ಬಂದು ಚಾಕ್ಕೆ ನೀರಿಡುವಾಗ ಒಂದು ಚೆಂಬು ಜಾಸ್ತಿ ಇಟ್ಟು ಆ ಬಿಸಿನೀರನ್ನು ಪೈಪಿಗೆ ಹೊಯ್ದು ಎರಡು ಪಟ್ಟಿ ಇಳಿಸೋದು. ರಾತ್ರಿ ಊಟ ಆಗಿ ಪಾತ್ರೆ ತೊಳೆದ ಮೇಲೆ ತೆಗೆದ್ರೆ ಪಟ್ಟಿ ಬಾಳೆನಾರಿನ ಹಾಗೆ ಬಗ್ತಿತ್ತು, ಬಿಸಿ ಸೋಲ್ಡರಿಂಗ್ ಐರನ್ನಿನ ಮೇಲೆ ಮೆಲ್ಲ ಎಳೆದು ಮೂತಿಯ ಬಾಗಿಗೆ ತರೋದು, ಬಟ್ಟೆ ಕ್ಲಿಪ್ಪಲ್ಲಿ ಕಚ್ಚಿಸೋದು. ದಿನಕ್ಕೆ ಎರಡೇ, ಎಡಕ್ಕೊಂದು ಬಲಕ್ಕೊಂದು, ಯಾಕಂದ್ರೆ ಒಂದೇ ಬದಿಗೆ ಹಚ್ಚುತ್ತಾ ಹೋದ್ರೆ ಬೆನ್ನುಮರ ಆ ಕಡೆಗೆ ತಿರುಚಿಕೊಳ್ತದೆ. ವಿಟ್ಲಪಿಂಡಿ (ಕೃಷ್ಣಾಷ್ಟಮಿಯ ಮರುದಿನದ ಹಬ್ಬ) ಬರುವಾಗ ಹಲಗೆಯ ಎರಡೂ ಪದರ ಮುಗಿದು ಕೈಗೆ ರೇಷ್ಮೆಯ ಹಾಗೆ ಆಗಿತ್ತು, ದಾರಿಯಲ್ಲಿ ಹೋಗುವವರನ್ನೂ ಕರೆದು ತೋರಿಸಿದ್ದೇನೆ.

ಜನವರಿಯಲ್ಲಿ, ಉಡುಪಿಯಲ್ಲಿ ಪರ್ಯಾಯದ ಗದ್ದಲ ಇದ್ದ ವಾರ, ಧೂಳು ಒರೆಸುವಾಗ ಕಂಡದ್ದು. ಎಡಬದಿ, ಮೂರನೇ ಚೌಕಟ್ಟಿನಿಂದ ಆರನೇದರ ತನಕ ಒಂದು ಕಪ್ಪು ಗೆರೆ. ಬೆರಳು ಓಡಿಸಿದ್ರೆ ಗೊತ್ತಾಗೋದಿಲ್ಲ, ಉಗುರು ಓಡಿಸಿದ್ರೆ ಟಕ್ ಅಂತ ಸಿಕ್ಕಿ ಬೀಳ್ತದೆ. ಎರಡು ವಾರದಲ್ಲಿ ಅಂಥದ್ದು ಹನ್ನೊಂದು. ಕೂತು ಅತ್ತಿದ್ದೇನೆ.

ಕಿಟ್ಟಿನವರಿಗೆ ಫೋಟೋ ಸಮೇತ ಬರೆದೆ, ಫಿಲ್ಲರ್ ಹಾಕಿ ಪೇಂಟ್ ಮಾಡಿ ಅಂತ ಎರಡು ಸಾಲಿನ ಉತ್ತರ. ನನ್ನ ದೊಡ್ಡ ದೂರು ಇದೇ. ಅವರ ಪುಸ್ತಕದಲ್ಲಿ ಒದ್ದೆ ಪಟ್ಟಿ ಒಂದು ರಾತ್ರಿ ಒಣಗಿದ್ರೆ ಸಾಕು ಅಂತ ಉಂಟು. ಯಾವ ಊರಿನ ರಾತ್ರಿ ಮಾರಾಯ್ರೆ? ಜುಲೈಯಲ್ಲಿ ನಮ್ಮ ಮನೆಯಲ್ಲಿ ಶಾಲೆಯ ಸೀರೆ ಮೂರು ದಿನ ಆದ್ರೂ ಒಣಗೋದಿಲ್ಲ! ಇಷ್ಟು ದುಡ್ಡಿನ ಕಿಟ್ಟಿಗೆ, ಹವೆಯಲ್ಲಿ ತೇವ ಇದ್ದ ಕಡೆ ಹೀಗೆ ಮಾಡಿ ಅಂತ ಒಂದು ಪುಟ ಬರೀಲಿಕ್ಕೆ ಏನು ಕಷ್ಟ? ಫೆವಿಕ್ವಿಕ್ ಥರದ ಗೋಂದು ತೇವಕ್ಕೆ ಸುತ್ತ ಬಿಳಿ ಮಬ್ಬು ಹಿಡಿಸ್ತದೆ, ಹಿತ್ತಾಳೆಯ ಸಣ್ಣ ಸಣ್ಣ ರಿಂಗುಗಳು ಉಪ್ಪು ಗಾಳಿಗೆ ಹಸಿರಾಗ್ತವೆ, ಹತ್ತಿ ದಾರಕ್ಕೆ ಬೂಸ್ಟು ಬರ್ತದೆ, ಇದು ಯಾವುದೂ ಪುಸ್ತಕದಲ್ಲಿ ಇಲ್ಲ.

ನನ್ನ ಹಡಗು ಉಳಿದದ್ದು ಅಡುಗೆ ಕೋಣೆಯ ಬಾಗಿಲಿನಿಂದ. ಅದನ್ನು ಸರಿ ಮಾಡ್ಲಿಕ್ಕೆ ಬಂದ ಆಚಾರ್ರು ನಲವತ್ತು ವರ್ಷ ಮಲ್ಪೆಯಲ್ಲಿ ಮರದ ದೋಣಿ ಕಟ್ಟಿದವರು, ನನಗೆ ಗೊತ್ತೇ ಇರ್ಲಿಲ್ಲ. ಮೇಜಿನ ಮೇಲಿದ್ದದ್ದನ್ನು ಎತ್ತಿ, ಒಂದು ಕಣ್ಣು ಮುಚ್ಚಿ ಮೂತಿಯಿಂದ ಹಿಂದಕ್ಕೆ ಗೆರೆ ನೋಡಿದ್ರು. ತುಳುವಲ್ಲಿ ಹೇಳಿದ್ದು, ಅರ್ಥ ಇಷ್ಟು: "ಟೀಚರೇ, ನೀವು ಮರಕ್ಕೆ ಹೊಟ್ಟೆ ತುಂಬ ನೀರು ಕುಡಿಸಿ ಕೂರಿಸಿದ್ದೀರಿ, ಈಗ ಒಣಗಿ ಕುಗ್ಗಿದೆ. ದಡಕ್ಕೆ ಎಳೆದಿಟ್ಟ ದೋಣಿಯೂ ಹೀಗೇ ಬಿಡ್ತದೆ, ನೀರಿಗೆ ಇಳಿಸಿದ್ರೆ ಉಬ್ಬಿ ಕೂಡಿಕೊಳ್ತದೆ. ನಿಮ್ಮದು ನೀರಿಗೆ ಹೋಗುವುದಿಲ್ಲವಲ್ಲ."

ಫಿಲ್ಲರ್ ಬೇಡವೇ ಬೇಡ ಅಂದ್ರು, ಬರುವ ಮಳೆಗಾಲಕ್ಕೆ ಹಲಗೆ ಉಬ್ಬಿ ಅದನ್ನು ಹೊರಗೆ ತಳ್ತದೆ. "ಹತ್ತಿ ಹಾಕಿ, ದೋಣಿಗೆ ಹಾಕುವ ಹಾಗೆ." ದೇವರ ಕೋಣೆಯ ಬತ್ತಿಯ ಡಬ್ಬದಿಂದ ಹತ್ತಿ ತಂದೆ, ಅವರು ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊಸೆದು ಕೂದಲಷ್ಟು ತೆಳು ಮಾಡಿ, ವಾರ್ನಿಶ್‌ನಲ್ಲಿ ಅದ್ದಿ, ನನ್ನ ಗೋಣಿ ಹೊಲಿಯುವ ಸೂಜಿಯ ಹಿಂಬದಿಯಿಂದ ಬಿರುಕಿಗೆ ಒತ್ತುತ್ತಾ ಹೋದ್ರು, ಎಳೆದು ಅಲ್ಲ, ಒಂದೊಂದು ಅಕ್ಕಿಕಾಳಿನಷ್ಟು ದೂರ ಮುಂದೆ. ಒಂದು ಗೆರೆ ಅವರು ಮಾಡಿದ್ದು, ಉಳಿದ ಹತ್ತು ನಾನು. ಮಜೂರಿ ಬಾಗಿಲಿಗೆ ಮಾತ್ರ ತಗೊಂಡ್ರು.

ಆಮೇಲೆ ಓದುವಾಗ ಮೈ ಜುಂ ಅಂದದ್ದು ಎಂತ ಗೊತ್ತುಂಟಾ, ಎಂಡ್ಯೂರೆನ್ಸ್‌ನ ಬಡಗಿ ಮೆಕ್‌ನಿಶ್ ಕೂಡ ಇದನ್ನೇ ಮಾಡಿದ್ದು. ಹಡಗು ಮಂಜುಗಡ್ಡೆಗೆ ಸಿಕ್ಕಿ ಹೋದ ಮೇಲೆ 28 ಜನ ಉಳಿದದ್ದು ಮೂರು ಸಣ್ಣ ದೋಣಿಗಳಲ್ಲಿ, ಅದರಲ್ಲಿ ಜೇಮ್ಸ್ ಕೇರ್ಡ್ ಅನ್ನುವ ದೋಣಿಯ ಸಂದುಗಳಿಗೆ ಅವನು ದೀಪದ ಬತ್ತಿ ತುಂಬಿಸಿ, ಚಿತ್ರ ಬಿಡಿಸುವ ಬಣ್ಣ, ಸೀಲ್ ಪ್ರಾಣಿಯ ರಕ್ತ ಬಳಿದು ಮುಚ್ಚಿದ. 1916ರ ಎಪ್ರಿಲ್‌ನಲ್ಲಿ ಹೊರಟು ಆರು ಜನ ಅದರಲ್ಲಿ ಸುಮಾರು 1,300 ಕಿಲೋಮೀಟರ್ ದಾಟಿ ಮೇ ತಿಂಗಳಲ್ಲಿ ಸೌತ್ ಜಾರ್ಜಿಯಾ ದ್ವೀಪ ಮುಟ್ಟಿದ್ರು, 28 ಜನರೂ ಬದುಕಿ ಬಂದ್ರು. ಕಿಟ್ಟಿನಲ್ಲಿ ಆ ದೋಣಿಗೆ ಕೊಟ್ಟದ್ದು ಎರಕದ ಲೋಹದ ತುಂಡು, ಅದನ್ನು ನಾನು ತೆಗೆದಿಟ್ಟೆ, ಉಳಿದ ಪಟ್ಟಿಯಲ್ಲೇ ಹೊಸದಾಗಿ ಕಟ್ಟಿದೆ, ಹತ್ತು ಸೆಂಟಿಮೀಟರಿಗೂ ಕಮ್ಮಿ, ಅದರ ಸಂದಿಗೂ ಬತ್ತಿಯ ಹತ್ತಿಯೇ.

ಅದಾಗಿ ಇನ್ನೊಂದು ಮಳೆಗಾಲ, ಇನ್ನೊಂದು ಜನವರಿ ಹೋಯ್ತು. ಹತ್ತಿ ಹಾಕಿದ ಒಂದು ಗೆರೆಯೂ ಬಿಟ್ಟಿಲ್ಲ.

ಹಾಗಾದ್ರೆ ತಗೊಳ್ಬಹುದಾ ಅಂದ್ರೆ, ಮರ ಒಳ್ಳೇದು, ಕಟಿಂಗ್ ಒಳ್ಳೇದು, ಪುಸ್ತಕ ನಂಬಬೇಡಿ. ಪಟ್ಟಿಗಳನ್ನು ಬಿಚ್ಚಿ ಒಂದು ವರ್ಷ ಅಟ್ಟದಲ್ಲೋ ಕಪಾಟಿನ ಮೇಲೋ ಇಡಿ, ಊರಿನ ಗಾಳಿ ಅಭ್ಯಾಸ ಆಗ್ಲಿ, ಹಲಗೆ ಕೂರಿಸೋದು ಡಿಸೆಂಬರ್‌ನಿಂದ ಮಾರ್ಚ್ ಒಳಗೆ, ನೆನೆಸಿ ಬಗ್ಗಿಸಿದ್ದನ್ನು ನಾಲ್ಕು ದಿನ ಕ್ಲಿಪ್ಪಲ್ಲೇ ಒಣಗಿಸಿ ಆಮೇಲೆ ಗೋಂದು. ಫೆವಿಕಾಲ್ ಸಾಕು. 27,000 ಒಟ್ಟಿಗೆ ಹಾಕ್ಲಿಕ್ಕೆ ಕಷ್ಟ ಇದ್ರೆ ಸಣ್ಣ ದೋಣಿಯ ಕಿಟ್ಟಿನಿಂದ ಶುರು ಮಾಡಿ. ಹಿಂಬದಿಯ ಹೆಸರಿನ ಅಡಿಯಲ್ಲಿ ಇರುವ ಐದು ಮೂಲೆಯ ನಕ್ಷತ್ರ, ಹಡಗಿನ ಮೊದಲ ಹೆಸರು ಪೊಲಾರಿಸ್‌ನ (ಅಂದ್ರೆ ಧ್ರುವ ನಕ್ಷತ್ರ) ಕಾಲದ್ದು, ನನ್ನ ಕಿಟ್ಟಿನಲ್ಲಿ ಇರ್ಲಿಲ್ಲ. ಹಿತ್ತಾಳೆ ತಗಡಿನಲ್ಲಿ ಕತ್ತರಿಸಿ ಮೊನ್ನೆ ಹಚ್ಚಿದೆ.

ಇನ್ನು ಹಗ್ಗದ ಕೆಲಸ ಬಾಕಿ. ಹತ್ತಿ ದಾರ ತೇವಕ್ಕೆ ಬಿಗೀತದೆ, ಒಣಗಿದ್ರೆ ಜೋಲ್ತದೆ. ಕಡಲಲ್ಲಿ ಈಗಾಗಲೇ ಮೋಡ ಕಟ್ಟಿದೆ, ಹಾಗಾಗಿ ದಾರದ ಉಂಡೆಗಳು ಅಕ್ಟೋಬರ್ ತನಕ ಅಕ್ಕಿ ಡಬ್ಬದಲ್ಲೇ ಇರ್ತವೆ.