ಅಂಬಾಸಿಡರ್‌ಗೆ ಐದು ಗೇರಿನ ಬಾಕ್ಸ್ ಹಾಕಿಸುವವರೇ, ಪಿನಿಯನ್ ಹಲ್ಲು ಎಣಿಸದೆ ದುಡ್ಡು ಕೊಡಬೇಡಿ

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಹಳೆ ಅಂಬಾಸಿಡರ್ ಇಟ್ಟುಕೊಂಡು, ಸ್ಟೇರಿಂಗ್ ಪಕ್ಕದ ಗೇರ್ ತೆಗೆಸಿ ಐದು ಗೇರಿನ ಫ್ಲೋರ್ ಬಾಕ್ಸ್ ಹಾಕಿಸುವ ಯೋಚನೆಯಲ್ಲಿ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಾಕ್ಸ್ ಬದಲಿಸುವುದರಲ್ಲಿ ತಪ್ಪಿಲ್ಲ. ಅದರ ಜೊತೆಗೆ "ಹೈವೇ ಡಿಫರೆನ್ಶಿಯಲ್" ಅಂತ ಒಂದನ್ನು, ಅಂದರೆ ಹಿಂದಿನ ಚಕ್ರಗಳ ನಡುವೆ ಕೂತು ಅವನ್ನು ತಿರುಗಿಸುವ ಬೇರೆ ಗೇರ್ ಜೋಡಿಯನ್ನು, ತಲೆಗೆ ಕಟ್ಟುತ್ತಾರಲ್ಲ, ಎಚ್ಚರ ಬೇಕಾಗಿರುವುದು ಅಲ್ಲಿ.

ನಮ್ಮದು ಅಪ್ಪನ ಕಾಲದ ಮಾರ್ಕ್ 4, 1489 ಸಿಸಿ ಪೆಟ್ರೋಲ್. ಕಾಲಂ ಗೇರಿನ ಲಿಂಕ್‌ಗಳೆಲ್ಲ ಸವೆದು, ಎರಡನೇ ಗೇರ್ ಹುಡುಕುವುದೇ ಒಂದು ಕೆಲಸವಾಗಿತ್ತು. ದಾವಣಗೆರೆಯ ಒಂದು ಗ್ಯಾರೇಜಿನಲ್ಲಿ ಇಸುಜು ಐದು ಗೇರಿನ ಬಾಕ್ಸ್ ಹಾಕಲು ಮಾತಾಯಿತು. ಕೆಲಸ ಅರ್ಧ ಆದಾಗ ಅಲ್ಲಿನವರು, "ಸರ್, ಐದು ಗೇರ್ ಹಾಕಿದ ಮೇಲೆ ಹಿಂದಿನ ಕ್ರೌನ್ ಪಿನಿಯನ್ನೂ ಬದಲಿ ಮಾಡಲೇಬೇಕ್ರಿ, ಇಲ್ಲಾಂದ್ರೆ ಬಾಕ್ಸ್ ತಡಿಯಂಗಿಲ್ಲ. 4.3 ಹಾಕ್ತೀವಿ, ಗಾಡಿ ಬೆಣ್ಣೆ ಹಂಗ ಓಡ್ತೈತಿ" ಅಂದರು. ಡಿಫರೆನ್ಶಿಯಲ್ ಒಳಗಿನ ದೊಡ್ಡ ಹಲ್ಲಿನ ಚಕ್ರ ಕ್ರೌನ್, ಅದನ್ನು ತಿರುಗಿಸುವ ಚಿಕ್ಕದು ಪಿನಿಯನ್. ಕ್ರೌನ್ ಹಲ್ಲನ್ನು ಪಿನಿಯನ್ ಹಲ್ಲಿನಿಂದ ಭಾಗಿಸಿದರೆ ಬರುವುದೇ ಅನುಪಾತ. ಮೊದಲು ಇದ್ದದ್ದು 41ಕ್ಕೆ 9, ಅಂದರೆ 4.55. ಅದಕ್ಕೂ 4.3ಕ್ಕೂ ಅಂತಹ ದೊಡ್ಡ ಅಂತರವಿಲ್ಲ. ಕ್ರೌನ್ ಚಕ್ರವನ್ನು ಮೇಜಿನ ಮೇಲೆ ತಿರುಗಿಸುತ್ತಾ 43 ಹಲ್ಲು ಎಣಿಸಿಯೂ ತೋರಿಸಿದರು. ಪಿನಿಯನ್ ಆಗಲೇ ಹೌಸಿಂಗ್ ಒಳಗಿತ್ತು. ಅದಕ್ಕೆ 10 ಹಲ್ಲು ಅಂದರು, ತೋರಿಸಲಿಲ್ಲ.

ಇದ್ದದ್ದು 11 ಹಲ್ಲು.

43ನ್ನು 10ರಿಂದ ಭಾಗಿಸಿದರೆ 4.3, 11ರಿಂದ ಭಾಗಿಸಿದರೆ 3.91. ಕ್ರೌನ್ ಎರಡರಲ್ಲೂ 43 ಹಲ್ಲಿನದೇ ಆದ್ದರಿಂದ ಅದನ್ನು ಎಷ್ಟು ಸಲ ಎಣಿಸಿದರೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಬಿಲ್ಲಿನಲ್ಲಿ "ಹೈವೇ ಸೆಟ್" ಅಂತ ಮಾತ್ರ ಬರೆದಿದ್ದರು.

ಹೈವೇಯಲ್ಲಿ ಮೊದಲ ಓಟ ಚೆನ್ನಾಗಿಯೇ ಅನಿಸಿತು. ಹೆಬ್ಬಾಳು ಟೋಲ್ ದಾಟಿ ಭರಮಸಾಗರದ ತನಕ ಎಂಜಿನ್ ಸದ್ದೇ ಕಡಿಮೆ. ಆಮೇಲೆ ಚಿತ್ರದುರ್ಗ ಹತ್ತಿರವಾದಂತೆ, ಗಾಳಿಯಂತ್ರದ ಗುಡ್ಡಗಳ ಕಡೆಗೆ ರಸ್ತೆ ಏರತೊಡಗಿದಾಗ, ಐದನೇ ಗೇರಿನಲ್ಲಿ ಎಂಜಿನ್ ಉಸಿರು ಕಟ್ಟಿತು. ನಾಲ್ಕಕ್ಕೆ ಇಳಿಸಿದರೂ ಹಳೆಯ ಎಳೆತ ಇಲ್ಲ. ಸ್ಪೀಡೋಮೀಟರ್ 60 ತೋರಿಸುವಾಗ ಮೊಬೈಲಿನ ಜಿಪಿಎಸ್ 70 ಹೇಳುತ್ತಿತ್ತು. ಸ್ಪೀಡೋಮೀಟರ್ ಕೇಬಲ್ ಬರುವುದು ಗೇರ್‌ಬಾಕ್ಸಿನ ಹಿಂತುದಿಯಿಂದ. ಹಿಂದಿನ ಅನುಪಾತ ಬದಲಾದರೆ ಅದು ಸುಳ್ಳು ಹೇಳುತ್ತದೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಗಾಡಿಯಲ್ಲಿ ಈ ಸುಳ್ಳು ಸಣ್ಣದಲ್ಲ.

ಕೆಟ್ಟದ್ದು ನಡೆದದ್ದು ಜೋಗಿಮಟ್ಟಿ ದಾರಿಯಲ್ಲಿ. ಮನೆಯವರೆಲ್ಲ ಗಾಡಿಯಲ್ಲಿದ್ದರು. ಕಡಿದಾದ ತಿರುವಿನಲ್ಲಿ ಎದುರಿನ ಗಾಡಿಗೆ ದಾರಿ ಬಿಟ್ಟು ನಿಂತು, ಮತ್ತೆ ಒಂದನೇ ಗೇರಿನಲ್ಲಿ ಎಬ್ಬಿಸಬೇಕು. ಅರ್ಧ ಕ್ಲಚ್‌ನಲ್ಲಿ ಹಿಡಿದರೆ ಮಾತ್ರ ಮುಂದಕ್ಕೆ ಜರುಗುತ್ತದೆ, ಪೂರ್ತಿ ಬಿಟ್ಟರೆ ಎಂಜಿನ್ ಬಂದ್. ಕ್ಲಚ್ ಪ್ಲೇಟ್ ಸುಟ್ಟ ವಾಸನೆ, ಆಮೇಲೆ ಹೊಗೆ. ಮಕ್ಕಳನ್ನು ಇಳಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ನಿಂತೆವು. ಇಳಿಯುವಾಗ ಇನ್ನೊಂದು ಭಯ. ಗೇರಿನಲ್ಲಿ ಇದ್ದರೂ ಎಂಜಿನ್ ಮೊದಲಿನಷ್ಟು ಗಾಡಿಯನ್ನು ತಡೆಯುತ್ತಿರಲಿಲ್ಲ.

ಲೆಕ್ಕ ನೋಡಿ. 4.55ರಿಂದ 3.91ಕ್ಕೆ ಇಳಿದರೆ ಪ್ರತಿ ಗೇರಿನಲ್ಲೂ ಚಕ್ರಕ್ಕೆ ಸಿಗುವ ಎಳೆತ ಸುಮಾರು 14 ಶೇಕಡಾ ಕಡಿಮೆ. ಒಂದನೇ ಗೇರಿಗೂ ಅಷ್ಟೇ, ಎಂಜಿನ್ ಬ್ರೇಕಿಗೂ ಅಷ್ಟೇ. ಹಾಕಿಸಿದ ಬಾಕ್ಸಿನ ಐದನೇ ಗೇರ್ 0.86ರ ಆಸುಪಾಸು. 4.55ನ್ನು 0.86ರಿಂದ ಗುಣಿಸಿದರೆ 3.91! ಅಂದರೆ ಐದು ಗೇರಿನ ಬಾಕ್ಸ್ ಕೂತಾಗಲೇ "ಹೈವೇ ಡಿಫರೆನ್ಶಿಯಲ್" ಪುಕ್ಕಟೆಯಾಗಿ ಬಂದಾಗಿತ್ತು, ಅದೂ ಕೆಳಗಿನ ಗೇರುಗಳಿಗೆ ಕೈ ಹಚ್ಚದೆ. ಮೇಲಿಂದ ಕ್ರೌನ್ ಪಿನಿಯನ್ನೂ ಬದಲಿಸಿದ್ದರಿಂದ ಎರಡೂ ಸೇರಿ 3.36ಕ್ಕೆ ಇಳಿಯಿತು. ಒಂದು ಸುತ್ತಿಗೆ 2 ಮೀಟರ್ ಹೋಗುವ ಚಕ್ರವಾದರೆ, 60 ಕಿಲೋಮೀಟರ್ ವೇಗದಲ್ಲಿ ಎಂಜಿನ್ ತಿರುಗುವುದು ನಿಮಿಷಕ್ಕೆ ಬರೀ 1,680 ಸುತ್ತು. 1489 ಸಿಸಿಯ ಈ ಹಳೆ ಎಂಜಿನ್ ಅಷ್ಟರಲ್ಲಿ ಏರನ್ನು ಎಳೆಯಲಾರದು. ಮೊದಲಿನ ಕ್ರೌನ್ ಪಿನಿಯನ್ ಇಟ್ಟುಕೊಂಡಿದ್ದರೆ 80ರ ವೇಗಕ್ಕೆ ಐದನೇ ಗೇರಿನಲ್ಲಿ 2,600 ಸುತ್ತು. ಅದು ಎಂಜಿನ್‌ಗೂ ಹಿತ, ಕಿವಿಗೂ ಹಿತ. ಬಾಕ್ಸ್ ತಡೆಯುವುದಿಲ್ಲ ಅಂದದ್ದೂ ಸುಳ್ಳು. ಗೇರ್‌ಬಾಕ್ಸ್ ಮೇಲೆ ಭಾರ ಬೀಳುವುದು ಹಿಂದಿನ ಅನುಪಾತ ಇಳಿದಾಗ.

3.91 ಯಾರಿಗೂ ಬೇಡ ಅಂತಲ್ಲ. ಎಂಜಿನ್ನನ್ನೇ 1.8 ಲೀಟರ್ ಇಸುಜುಗೆ ಬದಲಿಸಿದವರಿಗೆ ಅದನ್ನು ಎಳೆಯುವ ಶಕ್ತಿ ಇರುತ್ತದೆ. ಹಳೆ 1489ಕ್ಕೆ ಇಲ್ಲ. ಟೈರ್ ಬದಲಿಸಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 165/80 ಆರ್15 ಇದ್ದ ಜಾಗಕ್ಕೆ 175/70 ಆರ್15 ಬಂದರೆ ಸುತ್ತಳತೆ 3 ಶೇಕಡಾ ಕಡಿಮೆಯಾಗುತ್ತದೆ.

ಗಾಡಿ ಬಿಚ್ಚದೆ ಅನುಪಾತ ಕಂಡುಹಿಡಿಯುವುದನ್ನು ನನಗೆ ಕಲಿಸಿದ್ದು ಚಿತ್ರದುರ್ಗದ ವಯಸ್ಸಾದ ಒಬ್ಬ ಮಿಸ್ತ್ರಿ ಚಾಚಾ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದೇ ಚಕ್ರ ಜಾಕ್ ಮೇಲೆ ಎತ್ತಿಸಿ, ಸ್ಟ್ಯಾಂಡ್ ಕೊಟ್ಟು, ಗೇರ್ ನ್ಯೂಟ್ರಲ್‌ಗೆ ಹಾಕಿಸಿ, ಹ್ಯಾಂಡ್‌ಬ್ರೇಕ್ ಬಿಡಿಸಿದರು. ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬರುವ ಪ್ರೊಪೆಲ್ಲರ್ ಶಾಫ್ಟಿಗೂ ಟೈರಿಗೂ ಸೀಮೆಸುಣ್ಣದ ಗೆರೆ. "ತಮ್ಮಾ, ಒಂದು ಗಾಲಿ ನೆಲದ ಮೇಲಿದ್ರೆ ಎತ್ತಿದ ಗಾಲಿ ಎರಡು ಸುತ್ತು ತಿರುಗಿದಾಗ ಕ್ರೌನ್ ಒಂದು ಸುತ್ತು. ನೀನು ಗಾಲಿ ಇಪ್ಪತ್ತು ಸುತ್ತು ತಿರುಗಿಸು, ನಾನು ಶಾಫ್ಟ್ ಎಣಿಸ್ತೀನಿ" ಅಂದರು. 45 ದಾಟಿ ಅರ್ಧ ಸುತ್ತು ಬಂದಿದ್ದರೆ ಹಳೆಯದು, 43 ಬಂದಿದ್ದರೆ ಗ್ಯಾರೇಜಿನ ಮಾತು ನಿಜ. 39ಕ್ಕೆ ನಿಂತಿತು. ಚಾಚಾ ಏನೂ ಅನ್ನಲಿಲ್ಲ, ಮತ್ತೊಮ್ಮೆ ತಿರುಗಿಸು ಅಂತ ಕೈಸನ್ನೆ ಮಾಡಿದರು. ಮತ್ತೆ 39.

ಬಿಚ್ಚಿದಾಗ ಇನ್ನೊಂದು ಬಯಲಾಯಿತು. ಹಲ್ಲುಗಳ ಉಜ್ಜಿದ ಗುರುತು ನಡುವಿನಲ್ಲಿ ಇರದೆ ಹೊರ ಅಂಚಿಗೆ ಸರಿದಿತ್ತು. ಕ್ರೌನ್ ಒಂದು ಗಾಡಿಯದು, ಪಿನಿಯನ್ ಇನ್ನೊಂದರದು. ಇವೆರಡನ್ನು ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ. ಜೋಡಿ ಮುರಿದರೆ ಶಿಮ್ (ಅಂತರ ಸರಿಪಡಿಸುವ ತೆಳು ಬಿಲ್ಲೆ) ಎಷ್ಟು ಹಾಕಿದರೂ ಕೂಗು ನಿಲ್ಲುವುದಿಲ್ಲ. ಆಕ್ಸಿಲರೇಟರ್ ಬಿಟ್ಟಾಗ ಹಿಂದಿನಿಂದ ಬರುತ್ತಿದ್ದ ಊಳಿಗೆ ಕಾರಣ ಅದೇ ಆಗಿತ್ತು.

ಹಳೆ ಜೋಡಿ ಕೇಳಲು ಗ್ಯಾರೇಜಿಗೆ ಹೋದರೆ, ಗುಜರಿಗೆ ಹೋಯಿತು ಅಂದರು. ಕೇಳದೆ, ಹೇಳದೆ. ಅಪ್ಪ ವರ್ಷಗಟ್ಟಲೆ ಓಡಿಸಿಯೂ ಒಂದು ಸದ್ದು ಮಾಡದಿದ್ದ ಜೋಡಿ ಅದು. ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ, ಒಳ್ಳೆಯ ಜೋಡಿ ಸಿಗುವುದು ಎಷ್ಟು ಕಷ್ಟ ಅನ್ನುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಇದಕ್ಕೆ ಇಂದಿಗೂ ನನ್ನ ಸಿಟ್ಟು ಇಳಿದಿಲ್ಲ.

ಆದ್ದರಿಂದ ಬಿಲ್ಲಿನಲ್ಲಿ ಎರಡೂ ಹಲ್ಲಿನ ಸಂಖ್ಯೆ ಬರೆಸಿಕೊಳ್ಳಿ. ಪಿನಿಯನ್ ಹೌಸಿಂಗ್‌ಗೆ ಹೋಗುವ ಮೊದಲು ನೀವೇ ಎಣಿಸಿ. ಬಿಚ್ಚಿದ ಹಳೆ ಜೋಡಿಯನ್ನು ಅಂದೇ ಮನೆಗೆ ತನ್ನಿ, "ಎಕ್ಸ್‌ಚೇಂಜ್" ಮಾತಿಗೆ ಒಪ್ಪಬೇಡಿ. ಬಾಕ್ಸ್ ಮತ್ತು ಡಿಫರೆನ್ಶಿಯಲ್ ಎರಡನ್ನೂ ಒಂದೇ ಸಲ ಬದಲಿಸಲೇಬೇಡಿ. ಮೊದಲು ಬಾಕ್ಸ್ ಒಂದನ್ನೇ ಹಾಕಿಸಿ, ಮನೆಯವರನ್ನು ಕೂರಿಸಿಕೊಂಡು ಒಂದು ಏರು ಹತ್ತಿಸಿ ನೋಡಿ.

ನನ್ನ ಗಾಡಿಗೆ ಈಗ ಒಂದು ಹಳೆ ಟ್ಯಾಕ್ಸಿಯಿಂದ ಬಿಚ್ಚಿದ 41–9ರ ಜೋಡಿ ಸಿಕ್ಕಿದೆ, ಚಾಚಾ ಅವರೇ ಕೂರಿಸಿಕೊಟ್ಟರು. ಐದು ಗೇರಿನ ಬಾಕ್ಸ್ ಹಾಗೇ ಇದೆ. ತೆಗೆದ 43–11ನ್ನು ಯಾರಿಗೂ ಮಾರುವುದಿಲ್ಲ. ಹಲ್ಲಿನ ಗುರುತು ಹೇಗೆ ತಪ್ಪಿರುತ್ತದೆ ಅಂತ ಕಣ್ಣಾರೆ ನೋಡಬೇಕು ಅನ್ನುವವರು ದಾವಣಗೆರೆಗೆ ಬಂದರೆ ತೋರಿಸುತ್ತೇನೆ.